ಅಕ್ಕ ಹೊತ್ತ ಹರಕೆ

ದೋಣಿಯ ಕ್ಯಾಬಿನ್ನಿನ ಗಾಜಿನ ಮೇಲೆ ಯಾವುದೋ ಮಗುವಿನ ಅಂಗೈ ಒತ್ತಿದ ಗುರುತು, ಐದು ಬೆರಳೂ ಜಿಡ್ಡು ಜಿಡ್ಡು, ಚುರುಮುರಿ ತಿಂದ ಕೈ ಇರಬೇಕು, ಅದರ ಮೂಲಕ ನೋಡಿದರೆ ಪಾರ್ಕಿನ ಕೆರೆಯ ನೀರು ಕಲಕಿದಂತೆ ಕಾಣುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದರೆ ಹಸಿರಾಗಿ ಸುಮ್ಮನೆ ಮಲಗಿದೆ, ಆದರೂ ನಾನು ಆ ಗುರುತಿನ ಹಿಂದೆಯೇ ಬಂದು ನಿಲ್ಲುತ್ತೇನೆ — ಸರಿದರೆ ಕೆಳಗಿನ ಅಂತಸ್ತು ಕಾಣುತ್ತದೆ, ಅಲ್ಲಿ ಮುಂದಿನ ಕಂಬದ ಹತ್ತಿರ ಕೂತ ಅಕ್ಕ ಕಾಣುತ್ತಾಳೆ, ತಲೆಯ ಮೇಲೆ ಸೆರಗು, ಎಡಗೈ ಮಡಿಲಲ್ಲಿ, ಬಸ್ಸಿಗೆ ಕಾಯುವವಳ ಹಾಗೆ. ಈ ಕ್ಯಾಬಿನ್ನಿಗೆ ಬರುವ ಕಬ್ಬಿಣದ ಮೆಟ್ಟಿಲು ಏಣಿಯಂತೆ ನೆಟ್ಟಗಿದೆ, ನನ್ ಕೈಲಿ ಹತ್ತಕ್ಕಾಗಕಿಲ್ಲ ಕಣೆ ಪದ್ದಿ, ನೀನು ಓಗಿ ಎಲ್ಲಾನೂ ನೋಡ್ಕಂಡು ಬಂದು ನಂಗ ಏಳು ಅಂದಳು, ಗಂಡ ಕೆಲಸ ಮಾಡುವ ಜಾಗ ನೋಡಬೇಕು ಅಂತ ಆಸೆಪಟ್ಟು ಬಂದವಳು ಅವಳು, ಮೇಲೆ ಬಂದು ನಿಂತವಳು ನಾನು. ಪಕ್ಕದಲ್ಲಿ ಭಾವ, ಬಿಳಿ ಅಂಗಿ, ಭುಜದ ಮೇಲೆ ಹಳದಿ ಪಟ್ಟಿ, ತಲೆಗೆ ಕ್ಯಾಪ್ಟನ್ ಟೋಪಿ, ಟೋಪಿಯ ಕೆಳಗೆ ಗೋಪಿನಾಥಂ ಬಿಸಿಲಲ್ಲಿ ಸುಟ್ಟ ಅದೇ ಕಪ್ಪು ಕತ್ತು. ಮೈಕು ಬಾಯಿಯ ಹತ್ತಿರ ತಂದುಕೊಂಡು, ಪ್ರಿಯ ಪ್ರಯಾಣಿಕರೇ, ಕಾವೇರಿ ರಾಣಿಗೆ ನಿಮಗೆಲ್ಲ ಹಾರ್ದಿಕ ಸ್ವಾಗತ, ದಯವಿಟ್ಟು ಕೈಗಳನ್ನು ಹೊರಗೆ ಚಾಚಬೇಡಿ ಅನ್ನುತ್ತಾರೆ, ಹಾರ್ದಿಕ ಅನ್ನುವ ಮಾತಿನ ಮೇಲೆ ಕಷ್ಟಪಟ್ಟು ಹ ಹಚ್ಚುತ್ತಾರೆ, ಪಾರ್ಕಿನವರು ಹೇಳಿಕೊಟ್ಟದ್ದು, ಮನೆಯಲ್ಲಿ ಅಕ್ಕ ಅದನ್ನೇ ಆಡಿಸಿ ಆಡಿಸಿ ನಕ್ಕಿದ್ದು, ನಗುವಷ್ಟು ಶಕ್ತಿ ಅವಳಿಗೆ ಇದ್ದ ದಿನಗಳಲ್ಲಿ.

ದೋಣಿ ಹೊರಟಿದೆ, ಹಿಂದೆ ಕೆಂಪು ಬಣ್ಣದ ದೊಡ್ಡ ಗಾಲಿ ನೀರು ಎತ್ತಿ ಎತ್ತಿ ಹಾಕುತ್ತಿದೆ, ಹನೂರಿನ ಕಡೆಯ ಯಾವುದೋ ಸ್ಕೂಲಿನ ಮಕ್ಕಳು ಕೆಳಗೆ ಒಂದೇ ಸಮ ಕೂಗುತ್ತಿವೆ, ದೂರದಲ್ಲಿ ಯಳಂದೂರಿನಾಚೆ ಬಿಳಿಗಿರಿ ಬೆಟ್ಟದ ಸಾಲು ಹೊಗೆಯ ಬಣ್ಣದಲ್ಲಿ ಕೂತಿದೆ. ಬಾ ಕೂಸು, ಚಕ್ರ ಇಡ್ಕ, ಒಂದು ಫೋಟೊ ತೆಗೀತೀನಿ, ನಿಮ್ಮಕ್ಕನ್ಗ ತೋರ್ಸದ ಅಂದರು ಭಾವ, ತಮ್ಮ ಟೋಪಿ ತೆಗೆದು ನನ್ನ ತಲೆಗೆ ಇಟ್ಟರು, ನಾನು ಚಕ್ರ ಹಿಡಿದೆ, ನಕ್ಕೆ ಕೂಡ, ಹಲ್ಲು ಕಾಣುವ ಹಾಗೆ, ಆಮೇಲೆ ನಕ್ಕದ್ದು ಗೊತ್ತಾಗಿ ತುಟಿ ಮುಚ್ಚಿಕೊಂಡೆ. ತಿರುಗ್ಸು, ಎಂಗ್ ಬೇಕಾದ್ರೂ ತಿರುಗ್ಸು, ಏನೂ ಆಗಕಿಲ್ಲ ಅಂದರು, ದೋಣಿ ಓಡುವುದು ನೀರಿನ ಅಡಿಯ ಕಂಬಿಯ ಮೇಲೆ ಅಂತೆ, ಚಕ್ರ ಬರೀ ಮಕ್ಕಳ ಫೋಟೊಗೆ, ಭಾವನ ಕೈಯಲ್ಲಿ ಇರುವುದು ಓಡಿಸುವ ನಿಲ್ಲಿಸುವ ಹಿಡಿ ಒಂದು, ಹಾರ್ನು ಒಂದು, ಮೈಕು ಒಂದು. ಅದನ್ನು ಹೇಳುವಾಗ ಅವರಿಗೆ ನಾಚಿಕೆ, ಹೊಳೆಯಲ್ಲಿ ಮಳೆಗಾಲದ ಸೆಳವಿನಲ್ಲಿ ತೆಪ್ಪ ಹಾಕಿದ ಮನುಷ್ಯ, ಹತ್ತಿರದಲ್ಲಿ ಸಂಬಳದ ಕೆಲಸ ಬೇಕಿತ್ತು, ಅಕ್ಕನನ್ನು ವಾರಕ್ಕೆ ಎರಡು ಸಲ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು, ಅದಕ್ಕೇ ಊರು ಬಿಟ್ಟು ಬಂದು ಈ ಟೋಪಿ ಹಾಕಿಕೊಂಡರು. ಈ ಟೋಪಿ ಈಗ ನನ್ನ ತಲೆಯ ಮೇಲಿದೆ, ಒಳಗೆ ಅವರ ಬೆವರು ಇನ್ನೂ ಬಿಸಿಯಾಗಿದೆ, ತೆಗೆದು ಕೊಡಬೇಕು ಅನಿಸುತ್ತದೆ, ಕೊಡಲು ಹೋದರೆ ಇರ್ಲಿ ಇರ್ಲಿ ಅನ್ನುತ್ತಾರೆ — ನೀನು ನಮ್ಗ ಎಷ್ಟು ಮಾಡಿದ್ದೀ ಅನ್ನುತ್ತಾರೆ, ಅದೊಂದು ಮಾತು ಅನ್ನಬೇಡಿ ಭಾವ, ಬೇರೆ ಏನಾದರೂ ಅನ್ನಿ.

ಏನು ಮಾಡಿದ್ದೀನಿ, ರಾಮಾಪುರದಿಂದ ಬಂದು ಅವರ ಮನೆಯಲ್ಲಿ ಇದ್ದೀನಿ, ಬೆಳಿಗ್ಗೆ ಅಡುಗೆ, ಆಮೇಲೆ ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು ಮತ್ತೆ ಮಡಿಸುವುದು, ಸಂಜೆ ಅಕ್ಕನ ಕಾಲು ನೀವುವುದು, ಊದಿದ ಕಾಲನ್ನು ಒತ್ತಿದರೆ ಬೆರಳಿನ ಕುಳಿ ಹಾಗೇ ಉಳಿಯುತ್ತದೆ, ನೋಡು ನೋಡು ರಾಗಿ ಮುದ್ದೆ ಅನ್ನುತ್ತಾಳೆ ಅವಳು. ಇಷ್ಟನ್ನು ಯಾರಾದರೂ ಮಾಡುತ್ತಾರೆ. ಭಾವ ಹೇಳುವುದು ಇದನ್ನಲ್ಲ, ಮೈಸೂರಿಗೆ ಹೋದದ್ದನ್ನು. ಅಕ್ಕನ ಎರಡು ಕಿಡ್ನಿಯೂ ಕೆಟ್ಟಿದ್ದವು, ಮನೆಯವರು ಯಾರಾದರೂ ಒಂದು ಕೊಡಬೇಕಿತ್ತು, ನಮ್ಮವ್ವ ದೊಡ್ಡಮಾದಮ್ಮನಿಗೆ ಸಕ್ಕರೆ ಕಾಯಿಲೆ, ಅವಳದು ಬೇಡ ಅಂದರು, ಭಾವನ ರಕ್ತದ ಗುಂಪು ಸೇರಲಿಲ್ಲ, ಉಳಿದವಳು ನಾನು, ಒಡಹುಟ್ಟಿದವಳು, ನನ್ನ ಕಿಡ್ನಿ ಕೊಡ್ತೀನಿ ಅಂತ ಎಲ್ಲರ ಮುಂದೆ ನಾನೇ ಅಂದದ್ದು, ಅವ್ವ ನನ್ನ ಕೆನ್ನೆ ಸವರಿ ತನ್ನ ಬೆರಳಿಗೆ ಮುತ್ತಿಟ್ಟುಕೊಂಡಳು, ಅಕ್ಕ ಎದ್ದು ಒಳಗೆ ಹೋದಳು. ದೀಪಾವಳಿಗೆ ಮುಂಚೆ ಓಡಾಡಿದ್ದು, ರಕ್ತ ಕೊಟ್ಟೆ, ಮೂತ್ರ ಕೊಟ್ಟೆ, ಹೊಟ್ಟೆಗೆ ತಣ್ಣನೆಯ ಅಂಟು ಬಳಿದು ಪರದೆಯಲ್ಲಿ ನೋಡಿದರು, ಎರಡೂ ಚೆನ್ನಾಗಿವೆ ಅಂದರು, ಎರಡೂ ಅಂತ ಅವರು ಅಂದ ಗಳಿಗೆಗೆ ನನಗೆ ನನ್ನ ಬೆನ್ನಿನ ಎರಡು ಕಡೆಯೂ ಗೊತ್ತಾಯಿತು, ಅಲ್ಲಿವರೆಗೆ ಗೊತ್ತೇ ಇರಲಿಲ್ಲ.

ಕೊನೆಯ ದಿನ ಕಾರಿಡಾರಿನಲ್ಲಿ ಒಬ್ಬಳು ಹೆಂಗಸು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು, ತಮ್ಮನಿಗೆ ಕೊಟ್ಟಿದ್ದಾಳೆ ಅಂತ ಯಾರೋ ಅಂದರು, ಪಕ್ಕೆಯ ಮೇಲೆ ಅಂಗೈ ಒತ್ತಿಕೊಂಡು, ಒಂದು ಕೊಳವೆ ಕೈಯಲ್ಲಿ ಹಿಡಿದುಕೊಂಡು, ನನ್ನನ್ನು ನೋಡಿ ನಕ್ಕಳು, ನಾನು ನಗಲಿಲ್ಲ. ಆಮೇಲೆ ಒಂದು ಸಣ್ಣ ಕೋಣೆ, ಒಬ್ಬರು ಅಮ್ಮ, ಕನ್ನಡಕ, ಮೇಜಿನ ಮೇಲೆ ಒಂದು ಬಾಳೆಹಣ್ಣು, ಕಿಡ್ನಿ ಕೊಡುವವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮಾತಾಡುವ ಕೆಲಸ ಅವರದು. ನೋಡಿ ಪದ್ಮಿನಿ, ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ, ಆದರೆ ನಿಮಗೆ ಮನಸ್ಸಿಲ್ಲದಿದ್ದರೆ ಈಗಲೇ ಹೇಳಬಹುದು, ಕಾರಣ ನಾವು ಯಾರಿಗೂ ತಿಳಿಸುವುದಿಲ್ಲ, ಇವರಿಂದ ಆಗುವುದಿಲ್ಲ ಅಂತ ಮಾತ್ರ ಹೇಳುತ್ತೇವೆ ಅಂದರು, ಎಷ್ಟು ಮೆತ್ತಗೆ ಅಂದರು, ಬೈದಿದ್ದರೆ, ಗದರಿಸಿದ್ದರೆ, ಕೊಡಲೇಬೇಕು ಅಂದಿದ್ದರೆ ಕೊಡುತ್ತಿದ್ದೆ, ಕೊಡುವುದಕ್ಕೇ ಅಲ್ಲವೇ ಒಳಗೆ ಹೋದದ್ದು, ಆದರೆ ಅಷ್ಟು ಮೆತ್ತಗೆ ಬಾಗಿಲು ತೆಗೆದುಬಿಟ್ಟರು, ನನ್ನ ಬಾಯಿ ತಾನಾಗಿಯೇ ಆಗಲ್ಲಮ್ಮ ಅಂದಿತು, ನನ್ನ ಮದುವೆ ಗೊತ್ತಾಗ್ತಾ ಇದೆ ಅಂದಿತು — ಯಾವ ಮದುವೆ, ಆಗ ಒಬ್ಬ ಗಂಡೂ ಬಂದು ನೋಡಿರಲಿಲ್ಲ. ಹೊರಗೆ ಬಂದೆ, ಬಿಸಿಲಿತ್ತು, ಭಾವ ಎಳನೀರು ಹಿಡಿದು ನಿಂತಿದ್ದರು, ಕುಡಿದೆ, ಆಮೇಲೆ ಅವರನ್ನು ಒಳಗೆ ಕರೆದು ಹೇಳಿದರು, ಅವರು ಬಂದು ನನ್ನ ತಲೆಯ ಮೇಲೆ ಕೈಯಿಟ್ಟು ಮ್ಯಾಚ್ ಆಗ್ನಿಲ್ವಂತ ಕಣವ್ವ, ನೀನೇನ್ ಮಾಡೀಯೆ ಅಂದರು. ಮ್ಯಾಚ್ ಅನ್ನುವ ಮಾತು ಯಾರೂ ಹೇಳಿರಲಿಲ್ಲ, ಅದು ಅವರೇ ಮಾಡಿಕೊಂಡದ್ದು, ನಾನು ಸುಮ್ಮನೆ ಎಳನೀರಿನ ಗಂಜಿ ಕೆರೆದು ತಿನ್ನುತ್ತಿದ್ದೆ, ರುಚಿಯಾಗಿತ್ತು, ಅದೂ ನೆನಪಿದೆ.

ಎಡಗಡೆ ನೋಡಿ ಪ್ರಯಾಣಿಕರೇ, ಭಯಂಕರ ಮೊಸಳೆ — ಭಾವ ಮೈಕಿನಲ್ಲಿ ಅಂದರು, ಪೊದೆಯ ಮರೆಯಿಂದ ಫೈಬರಿನ ಮೊಸಳೆ ಬಾಯಿ ತೆರೆದು ಮುಚ್ಚಿತು, ಮಕ್ಕಳ ಕಿರುಚಾಟ, ಅಕ್ಕ ತಲೆಯೆತ್ತಿ ನೋಡಿದಳು, ಮೊಸಳೆಯನ್ನಲ್ಲ, ನಮ್ಮ ಕಡೆ, ಗಂಡನ ದನಿ ಬಂದ ಸ್ಪೀಕರಿನ ಕಡೆ, ನಗುತ್ತಿದ್ದಾಳೆ, ಬಲಗೈ ಎತ್ತಿ ಬೀಸಿದಳು, ನಾನೂ ಬೀಸಿದೆ. ಅವಳ ಕಾಲ ಬಳಿ ಐಸ್ ತುಂಬಿದ ಫ್ಲಾಸ್ಕು, ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಅಳತೆ ಹೇಳಿದ್ದಾರೆ, ಬಾಯಿ ಒಣಗಿದರೆ ಒಂದು ಚೂರು ಐಸು ಚೀಪುತ್ತಾಳೆ, ಸುತ್ತ ಇಷ್ಟು ನೀರು, ನಡುವೆ ಅವಳು. ಅವಳ ಮದುವೆಯಾದ ಹೊಸದರಲ್ಲಿ ಭಾವನ ಊರು ಗೋಪಿನಾಥಂಗೆ ಹೋಗಿದ್ದೆವು, ಇರುವ ಒಂದು ಬಸ್ಸು ಕೌದಳ್ಳಿಯ ಹತ್ತಿರ ಕೆಟ್ಟು ನಿಂತು, ಮಾರನೆಯ ದಿನ ತಲುಪಿದ್ದು, ಭಾವ ನಮ್ಮಿಬ್ಬರನ್ನೂ ತೆಪ್ಪದಲ್ಲಿ ಕೂರಿಸಿಕೊಂಡು ಕಾವೇರಿಯ ನಡುವಿಗೆ ಹೋದರು, ಅಕ್ಕ ಸೊಂಟದಿಂದ ಬಗ್ಗಿ ಎರಡು ಕೈಯಲ್ಲೂ ಮೊಗೆದು ಮೊಗೆದು ಕುಡಿದಳು, ಗಲ್ಲದಿಂದ ಇಳಿದು ರವಿಕೆಯೆಲ್ಲ ನೆನೆಯಿತು, ಪೋದುಂ ಪೋದುಂ, ಸಾಕು ಸಾಕು ಅಂತ ಭಾವ ನಗುತ್ತಾ ತಮಿಳಿನಲ್ಲಿ ಅಂದರು, ಹೊಳೆನೇ ಖಾಲಿ ಮಾಡ್ಬುಟ್ಟಾಳು ಇವಳು ಅಂದರು. ಈಗ ಆ ಮಾತು ನೆನೆಸಿಕೊಳ್ಳಲು ಆಗುವುದಿಲ್ಲ. ಅವಳ ಎಡ ಮುಂಗೈಯಲ್ಲಿ ನರ ಕೂಡಿಸಿ ಹೊಲಿದ ಜಾಗ ಹಗ್ಗದಂತೆ ಉಬ್ಬಿದೆ, ಮುಟ್ಟಿದರೆ ಒಳಗೆ ಜೇನುಹುಳು ಇದ್ದಂತೆ ಜುಮ್ಮೆನ್ನುತ್ತದೆ, ವಾರಕ್ಕೆ ಎರಡು ಸಲ ಅಲ್ಲಿ ಎರಡು ದಪ್ಪ ಸೂಜಿ, ರಕ್ತ ತೊಳೆಯುವ ಮಿಷನ್ನಿನ ಪಕ್ಕ ನಾಲ್ಕು ತಾಸು, ಮನೆಗೆ ಬಂದರೆ ಒಗೆದು ಹಿಂಡಿದ ಬಟ್ಟೆ ಅವಳು, ಆ ಹೊತ್ತೆಲ್ಲ ನಾನು ಅಂಗಡಿಯಲ್ಲಿ ಮದುವಣಗಿತ್ತಿಯರ ಭುಜಕ್ಕೆ ಸೆರಗು ಹಾಸಿ ನಿಮಗೆ ಒಪ್ಪುತ್ತೆ ಕಣ್ರಿ ಅನ್ನುತ್ತಿರುತ್ತೇನೆ, ನನ್ನ ಬೆನ್ನಿನ ಎರಡು ಕಡೆಯೂ ಬೆಚ್ಚಗಿರುತ್ತದೆ.

ಮೈಕಿನ ಗುಂಡಿ ಆರಿಸಿ ಭಾವ ನನ್ನ ಕಡೆ ತಿರುಗಿದರು. ಕೂಸು, ಒಂದು ಮಾತು, ಅದ್ಕೇ ನಿನ್ನ ಮೇಲಕ್ಕ ಕರ್ದಿದ್ದು, ನಿಮ್ಮಕ್ಕನ ಮುಂದ ಆಡಕ್ಕಾಗಕಿಲ್ಲ ಅಂದರು. ಗೊತ್ತಾಗಿದೆ, ಮೈಸೂರಿನಿಂದ ಯಾರೋ ಹೇಳಿದ್ದಾರೆ, ಗೊತ್ತಾಗಲಿ, ಆಗಲಿ, ಆಗಿಹೋಗಲಿ ಅಂತ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅದಲ್ಲ. ಶಿವರಾತ್ರಿಗೆ ನಿಮ್ಮಕ್ಕ ಜ್ಯೋತಿ ಮಾದಪ್ಪನ ಬೆಟ್ಟಕ್ಕ ನಡ್ಕಂಡು ಓಗ್ತೀನಿ ಅಂತಾವ್ಳೆ, ತಾಳಬೆಟ್ಟದಿಂದ, ಬರಿಗಾಲಲ್ಲಿ, ನಮ್ಮ ಬೀದಿಯ ಲಕ್ಷ್ಮಿದೇವಿ ಗುಂಪು ಹೊರಟದಲ್ಲ, ಅವರ ಜತೆ, ಎರಡು ಸೀರೆ ಮಡಚಿ ಚೀಲಕ್ಕ ಹಾಕ್ಕಂಡವ್ಳೆ ಅಂದರು. ನಾನು ನಕ್ಕುಬಿಟ್ಟೆ, ಸಮಾಧಾನದ ನಗು, ನನ್ನದಲ್ಲವಲ್ಲ ಸದ್ಯ ಅಂತ, ನಕ್ಕ ಮೇಲೆ ಅರ್ಥವಾಯಿತು — ಮೆಟ್ಟಿಲು ಹತ್ತಲಾರದವಳು ಆ ಕಾಡುದಾರಿ ಹತ್ತುತ್ತಾಳೆಯೇ, ಹೋದ ವಾರ ಮಿಷನ್ನಿನಿಂದ ಇಳಿಸುವಾಗಲೇ ಬಿಪಿ ಬಿದ್ದು ಕಣ್ಣು ಮೇಲೆ ಮಾಡಿದ್ದಳು, ನರ್ಸಮ್ಮ ಕಾಲು ಎತ್ತಿ ಹಿಡಿದಿದ್ದರು. ಬೇಡ ಅನ್ನಿ ಭಾವ ಅಂದೆ. ನಾನು ಏಳುದ್ರ ಕೇಳ್ತಾಳಾ, ನೀನು ಏಳ್ಬೇಕು, ಅದು ನಿಂಗ ಕಟ್ಟಿರ ಅರಕೆ ಅಂದರು.

ನನಗೆ? ಅವರು ಗಾಜಿನಾಚೆ ನೋಡುತ್ತಾ ಹೇಳಿದರು, ಹೆಂಡತಿಯ ಮೇಲೆ ಹೆಮ್ಮೆಪಡುವ ದನಿಯಲ್ಲಿ, ನಿಧಾನವಾಗಿ, ಒಂದೊಂದೇ ಮಾತು ಕೈಗೆ ಕೊಟ್ಟ ಹಾಗೆ. ನೀನು ಟೆಸ್ಟಿಗ ಓಗ್ತೀನಿ ಅಂದಾಗ ಅವ್ಳು ಮಾದಪ್ಪನ್ಗ ಅರಕೆ ಕಟ್ಕಂಡಿದ್ಲಂತ, ನನ್ ತಂಗಿದು ಸೇರ್ಬಾರ್ದು, ಆ ಮಗೀನ ಮೈಗ ಕತ್ತಿ ಬೀಳ್ಬಾರ್ದು, ಅದ ಒಂದು ನಡೆಸ್ಕೊಡಪ್ಪ, ನಡ್ಕಂಡು ಬಂದು ನಿನ್ ಪಾದ ಮುಟ್ತೀನಿ ಅಂತ. ನಡೆಸ್ಕೊಟ್ನಲ್ಲ ಅವನು, ಈಗ ತೀರಿಸ್ನಿಲ್ಲ ಅಂದ್ರ ನಿಂಗ ಏನಾರ ಆಯ್ತದೆ ಅಂತ ಎದರ್ತಾವ್ಳೆ.

ಎಂಜಿನ್ನಿನ ಸದ್ದು ಕಾಲಿನಿಂದ ಹಲ್ಲಿನವರೆಗೆ ಏರುತ್ತಿದೆ, ನೀರಿನ ಮೇಲೆ ಒಂದು ಖಾಲಿ ಚಿಪ್ಸ್ ಪೊಟ್ಟಣ ತೇಲುತ್ತಾ ಬಂದು ದೋಣಿಯ ಮೂತಿಗೆ ತಾಗಿ ಪಕ್ಕಕ್ಕೆ ಹೋಯಿತು — ಅಂದರೆ ಅವತ್ತು ಅವಳು ಎದ್ದು ಒಳಗೆ ಹೋದದ್ದು ಅದಕ್ಕೆ, ನಾನು ಕೊಡ್ತೀನಿ ಅಂದಾಗ, ದೇವರ ಫೋಟೊ ಇರುವುದು ಒಳಕೋಣೆಯಲ್ಲಿ, ಸಂತೋಷಕ್ಕೆ ಅಳುತ್ತಾಳೆ ಅಂದುಕೊಂಡಿದ್ದೆ, ಒಳಗೆ ನಿಂತು ತನಗೆ ಬರಬಾರದು ಅಂತ ಕೇಳಿಕೊಳ್ಳುತ್ತಿದ್ದಳು, ತನ್ನ ಜೀವ ಉಳಿಸುವ ಒಂದು ವಸ್ತು ತನಗೆ ಬರಬಾರದು ಅಂತ, ಅದೇ ದಿನಗಳಲ್ಲಿ ನಾನು ಆಸ್ಪತ್ರೆಯ ಆ ಕೋಣೆಯಲ್ಲಿ ಬಾಳೆಹಣ್ಣು ನೋಡುತ್ತಾ ಕೂತು ಕೊಡುವುದಿಲ್ಲ ಅಂದೆ, ಇಬ್ಬರೂ ಒಂದನ್ನೇ ಕೇಳಿದೆವು, ಅವಳು ನನಗಾಗಿ ಕೇಳಿದಳು, ನಾನೂ ನನಗಾಗಿಯೇ ಕೇಳಿದೆ. ಆಮೇಲಿನ ತಿಂಗಳುಗಳೆಲ್ಲ ಅವಳು ನನ್ನ ಮುಖ ನೋಡಿದಾಗೆಲ್ಲ ಮಾದಪ್ಪನ ದಯೆ ಅಂದುಕೊಂಡಿದ್ದಾಳೆ, ನಾನು ಸ್ನಾನ ಮಾಡಿ ಬಂದರೆ ಬೆನ್ನು ಒರೆಸುವ ನೆವದಲ್ಲಿ ಪಕ್ಕೆ ಮುಟ್ಟಿ ನೋಡುತ್ತಿದ್ದಳು, ಯಾಕಕ್ಕ ಅಂದರೆ ಏನಿಲ್ಲ ಬುಡು ಅನ್ನುತ್ತಿದ್ದಳು. ಒಂದು ಉಪಾಯವಿದೆ, ದೇವರು ಕನಸಿನಲ್ಲಿ ಬಂದು ಬೇಡ ಅಂದ ಅನ್ನಬಹುದು, ಅಕ್ಕನ ಬದಲು ನೀನು ಬಾ ಅಂದ ಅನ್ನಬಹುದು, ಅವಳ ಹರಕೆ ನಾನೇ ನಡೆದು ತೀರಿಸುತ್ತೇನೆ ಅನ್ನಬಹುದು, ಎಷ್ಟು ಬೇಗ ಹೊಳೆಯುತ್ತವೆ ಇವೆಲ್ಲ, ಮೊದಲ ಸುಳ್ಳಿಗೆ ಎರಡನೆಯದು ಎಷ್ಟು ಸಲೀಸಾಗಿ ಬಂದು ಸೇರುತ್ತದೆ, ಬಾಯಿ ತೆರೆದೂ ಆಯಿತು, ಭಾವ ನಾನು ಹೇಳ್ತೀನಿ ಬಿಡಿ, ಕೇಳ್ತಾಳೆ ಅಂದೂ ಆಯಿತು. ಭಾವನ ಮುಖ ಅರಳಿತು. ನಿನ್ನಂಥ ಮಗಳನ್ನ ಎತ್ತಿದ್ದಕ್ಕ ನಿಮ್ಮವ್ವ ಪುಣ್ಯ ಮಾಡವ್ಳೆ ಅಂದರು, ನನ್ನ ತಲೆಯ ಮೇಲಿನ ಟೋಪಿಯನ್ನು ಸರಿಮಾಡಿದರು, ಅಪ್ಪ ಇದ್ದಿದ್ದರೆ ಹಾಗೆಯೇ ಮಾಡುತ್ತಿದ್ದನೇನೋ, ಅವರ ಬೆರಳು ನನ್ನ ಹಣೆಗೆ ತಾಗಿತು, ಒರಟು ಬೆರಳು, ಹಗ್ಗ ಎಳೆದ ಬೆರಳು, ಆ ಬೆರಳು ತಾಗಿದ್ದೇ ನನಗೆ ಇನ್ನು ಮುಚ್ಚಿಡಲು ಆಗಲಿಲ್ಲ.

ಭಾವ, ಅದು ಸೇರಿತ್ತು ಅಂದೆ. ಏನು ಅಂದರು. ಟೆಸ್ಟು. ಎಲ್ಲ ಸೇರಿತ್ತು. ನಾನೇ ಆಗಲ್ಲ ಅಂತ ಹೇಳ್ಬಂದೆ. ಆಸ್ಪತ್ರೆಯವರು ಕಾರಣ ಹೇಳಲ್ಲ ಅಂದರು, ಇವರಿಂದ ಆಗಲ್ಲ ಅಂತ ಮಾತ್ರ ಹೇಳ್ತೀವಿ ಅಂದರು, ನೀವು ಮ್ಯಾಚ್ ಆಗ್ನಿಲ್ಲ ಅಂದ್ರಿ, ನಾನು ಸುಮ್ನಾದೆ. ಅಷ್ಟೇ ಅಂದದ್ದು, ಇನ್ನೂ ಹೇಳಬೇಕೆಂದಿದ್ದೆ, ಕಾರಿಡಾರಿನ ಹೆಂಗಸು, ಕೊಳವೆ, ಮೆತ್ತಗಿನ ದನಿ, ಯಾವುದೂ ಬಾಯಿಗೆ ಬರಲಿಲ್ಲ, ಬಂದಿದ್ದರೂ ಅವು ಯಾವುದಕ್ಕೂ ಕಾರಣಗಳಲ್ಲ. ಭಾವ ಹಿಡಿಯಿಂದ ಕೈ ತೆಗೆದರು, ಎರಡೂ ಕೈ ಕೆಳಗೆ ಬಿಟ್ಟುಕೊಂಡು ನಿಂತರು, ದೋಣಿ ತನ್ನಷ್ಟಕ್ಕೆ ತಿರುವಿನಲ್ಲಿ ತಿರುಗಿತು, ಬಲಗಡೆ ದಡದಲ್ಲಿ ಫೈಬರಿನ ಆನೆಗಳು ಬಂದವು, ಮರಿಯಾನೆ, ತಾಯಿಯಾನೆ, ಬಲಗಡೆ ನೋಡಿ ಪ್ರಯಾಣಿಕರೇ ಅನ್ನಬೇಕಾದ ಜಾಗ ಅದು, ನಮ್ಮ ಕಾಡಿನ ಗಜರಾಜ, ಎಚ್ಚರಿಕೆ, ನೀರು ಎರಚುತ್ತಾನೆ ಅನ್ನಬೇಕು, ಮನೆಯಲ್ಲಿ ಅಕ್ಕನೂ ಬಾಯಿಪಾಠ ಹೇಳುತ್ತಾಳೆ ಅದನ್ನು. ಭಾವ ಮೈಕು ಮುಟ್ಟಲಿಲ್ಲ. ಹೇಳದೆ ಕೇಳದೆ ಆನೆ ಸೊಂಡಿಲೆತ್ತಿ ನೀರು ಚಿಮ್ಮಿಸಿತು, ಕೆಳಗೆ ಎಲ್ಲರೂ ತೊಯ್ದು ಚೀರಿದರು, ಆಮೇಲೆ ನಗು, ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಮತ್ತೆ ಮೇಲೆ ನೋಡಿದಳು, ಯಾಕೆ ಮಾತು ಬರಲಿಲ್ಲ ಅಂತ ಕೈಯಲ್ಲೇ ಕೇಳಿದಳು. ಭಾವ ಬಯ್ಯುತ್ತಾರೆ ಅಂದುಕೊಂಡೆ, ಬಯ್ಯಲಿ ಅಂತ ಕಾದೆ, ಅವರು ನನ್ನ ತಲೆಯ ಮೇಲಿಂದ ಟೋಪಿ ತೆಗೆದುಕೊಂಡರು, ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ತೆಗೆದುಕೊಂಡರು, ಹಾಕಿಕೊಂಡರು, ಕೆಳಗ ಓಗು, ಅವ್ಳಿಗ ನೀನೇ ಏಳು, ನಾನು ಏಳಕಿಲ್ಲ ಅಂದರು. ಆ ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ, ಟಿಕೆಟ್ಟು ತೋರಿಸಿ ಅನ್ನುವ ದನಿ.

ಮೆಟ್ಟಿಲು ಇಳಿಯುವಾಗ ಕಂಬಿ ಸುಡುತ್ತಿತ್ತು, ಮುಖವನ್ನು ಮೆಟ್ಟಿಲ ಕಡೆ ಮಾಡಿ ಇಳಿಯಬೇಕು, ಹಾಗಾಗಿ ಇಳಿದು ಮುಗಿಯುವವರೆಗೆ ಅವಳು ಕಾಣಲಿಲ್ಲ, ಇಷ್ಟು ಹೊತ್ತು ಕಂಡದ್ದೇ ಅವಳು, ಈಗ ಬೆನ್ನಿಗೆ ಅವಳ ನೋಟ ತಾಗುತ್ತಿದೆ ಅಂತ ಮಾತ್ರ ಗೊತ್ತು. ಸ್ಕೂಲಿನ ಮಕ್ಕಳು ಹಿಂದಿನ ಗಾಲಿ ನೋಡಲು ಓಡಿಹೋಗಿದ್ದವು, ಮುಂದಿನ ಬೆಂಚುಗಳೆಲ್ಲ ಖಾಲಿ, ಒದ್ದೆ. ಏನೇನ್ ಅದೆ ಮೇಲೆ, ಫ್ಯಾನ್ ಅದಾ ಅವರ್ಗ, ಸೆಖೆ ಅಂತಿದ್ರು ಅಂದಳು ಅಕ್ಕ, ನಿಂಗ ಟೋಪಿ ಚಂದಾಗಿತ್ತು ಕಣೆ, ಇಲ್ಲಿಂದ್ಲೇ ನೋಡ್ದೆ. ನಾನು ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ, ಅವಳ ಕಾಲು ನನ್ನ ಮುಂದೆ, ಚಪ್ಪಲಿಯ ಪಟ್ಟಿ ಊತದೊಳಗೆ ಹೂತಿದೆ, ಈ ಕಾಲು, ಬರಿಗಾಲು, ತಾಳಬೆಟ್ಟದಿಂದ — ನೀನು ಬೆಟ್ಟಕ್ಕ ನಡೀಬ್ಯಾಡ ಅಕ್ಕ ಅಂದೆ. ಗಂಡ ಹೇಳಿಬಿಟ್ಟ ಅಂತ ಅವಳಿಗೆ ತಿಳಿಯಿತು, ಮುಖ ಬಿಗಿಯಿತು, ಅದು ನಂಗೂ ಅವನ್ಗೂ ಬುಡು ಅಂದಳು, ಅವನು ಅಂದರೆ ಮಾದಪ್ಪ. ಅವನು ಏನೂ ನಡೆಸ್ಕೊಡ್ನಿಲ್ಲ ಅಕ್ಕ, ಟೆಸ್ಟು ಸೇರಿತ್ತು, ಕೊಡ್ತೀಯಾ ಅಂತ ಕೇಳುದ್ರು, ನಾನೇ ಒಲ್ಲೆ ಅಂದೆ.

ಅವಳು ನನ್ನ ಬಾಯಿಯನ್ನೇ ನೋಡಿದಳು, ಕಿವುಡರು ನೋಡುವ ಹಾಗೆ. ಮೇಲೆ ಭಾವ ಹಾರ್ನು ಒತ್ತಿದರು, ದೋಣಿ ದಡದ ಕಡೆ ಹೊರಳಿತು. ಎದ್ರುಕಂಡ್ಯಾ ಅಂದಳು. ಊಂ ಅಂದೆ. ಅಷ್ಟೇಯಾ. ಅಷ್ಟೇ ಅಂದೆ, ಅದಕ್ಕಿಂತ ದೊಡ್ಡ ಕಾರಣ ಒಂದಿದ್ದರೆ ಕೊಡುತ್ತಿದ್ದೆ. ನಂಗ ಅವತ್ತೇ ಏಳ್ಬೋದಿತ್ತು ಕಣೆ ಪದ್ದಿ, ನಾನು ದೇವ್ರ ತಂಕ ಓಗ್ತಿರ್ನಿಲ್ಲ ಅಂದಳು. ದನಿ ಎತ್ತರಿಸಲಿಲ್ಲ. ಇಷ್ಟು ದಿನ ಅವನ್ಗ ಕೈ ಮುಗ್ದಿದ್ದೆ, ನಿನ್ನ ಉಳಿಸ್ದ ಅಂತ — ಅಂದು ನಿಲ್ಲಿಸಿದಳು, ನಕ್ಕಳೋ, ಉಸಿರು ಬಿಟ್ಟಳೋ. ನಾನು ನಾಳೆಯೇ ಮೈಸೂರಿಗೆ ಹೋಗ್ತೀನಿ ಅಕ್ಕ, ಕೊಡ್ತೀನಿ ಅಂತ ಹೇಳ್ತೀನಿ, ಮತ್ತೆ ಕೇಳಿದರೆ ತಗೋತಾರೆ ಅಂದೆ, ಅಂದಾಗ ನಿಜವಾಗಿಯೂ ಹೋಗುವವಳೇ ಆಗಿದ್ದೆ, ಪಕ್ಕೆಯಲ್ಲಿ ಭಯ ಹಾಗೆಯೇ ಕೂತಿತ್ತು, ಕೂತಿದ್ದರೂ ಹೋಗುವವಳಾಗಿದ್ದೆ. ಅವಳು ತಲೆಯಾಡಿಸಿದಳು. ಇವತ್ತು ಏನೂ ಏಳ್ಬ್ಯಾಡ. ಅಳ್ತಾ ಕೊಡದು ನಂಗ ಬ್ಯಾಡ. ಬೆಟ್ಟಕ್ಕ ಓಗಕಿಲ್ಲ ಬುಡು, ಲಕ್ಷ್ಮಿದೇವಿಗ ಏಳ್ಬುಡ್ತೀನಿ. ಅಷ್ಟು ಹೇಳಿ ಅವಳು ನೀರಿನ ಕಡೆ ಮುಖ ತಿರುಗಿಸಿದಳು, ಆಮೇಲೆ ಬಲಗೈಯನ್ನು ಬೆಂಚಿಗೆ ಊರಿ, ಮೈಯನ್ನು ಸ್ವಲ್ಪ ಎತ್ತಿ, ಕಂಬದ ಕಡೆಗೆ ಸರಿದಳು.

ಸರಿದಳು, ಕಂಬಕ್ಕೆ ಭುಜ ತಾಗುವವರೆಗೆ, ಬೆಂಚಿನ ಮೇಲೆ ಜಾಗ ಆಯಿತು, ಅವಳು ಕೂತಿದ್ದ ಕಡೆ ಒಣಗಿದೆ, ಸುತ್ತ ಆನೆ ಎರಚಿದ ನೀರು, ನಡುವೆ ಒಬ್ಬರು ಕೂರುವಷ್ಟು ಒಣ ಜಾಗ. ಕೂತ್ಕ ಅನ್ನಲಿಲ್ಲ. ನಾನು ಇನ್ನೂ ನೆಲದ ಮೇಲಿದ್ದೇನೆ, ಮೊಣಕಾಲು ನೋಯುತ್ತಿದೆ, ನನಗೆ ಜಾಗ ಮಾಡಿದಳೋ, ನನ್ನಿಂದ ಸರಿದಳೋ, ಎರಡಕ್ಕೂ ಹೀಗೆಯೇ ಸರಿಯಬೇಕು, ಮುಖ ನೋಡಿದರೆ ತಿಳಿದೀತು, ಮುಖ ಆ ಕಡೆಗಿದೆ, ಕತ್ತಿನ ಹಿಂದೆ ಬೆವರಿಗೆ ಅಂಟಿದ ಕೂದಲು, ಕಿವಿಯ ಓಲೆ, ಅವು ಏನೂ ಹೇಳುವುದಿಲ್ಲ. ದೋಣಿ ದಡಕ್ಕೆ ತಾಗಿತು, ದಡಕ್ಕೆ ಕಟ್ಟಿದ ಟೈರು ಕಿರ್ ಎಂದಿತು, ಇಳಿಯುವ ಪ್ರಯಾಣಿಕರು ತಮ್ಮ ಸಾಮಾನುಗಳನ್ನು ಮರೆಯಬೇಡಿ ಅಂತ ಭಾವನ ದನಿ ಮೇಲಿನಿಂದ, ಮಕ್ಕಳು ನಮ್ಮ ಎರಡೂ ಪಕ್ಕದಿಂದ ಓಡುತ್ತಿವೆ, ಟೀಚರಮ್ಮ ಸಾಲು ಸಾಲು ಅನ್ನುತ್ತಿದ್ದಾರೆ, ಏಳಬೇಕು, ಎದ್ದರೆ ಕೂರಬೇಕು ಇಲ್ಲವೇ ಇಳಿದು ಹೋಗಬೇಕು, ಅಕ್ಕ ಅನ್ನಬೇಕು ಅಂತ ಬಾಯಿ ತೆರೆಯುತ್ತೇನೆ, ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ, ನೀಲಿ ಬಣ್ಣ ಸವೆದು ತಗಡು ಕಾಣುವ ಆ ಜಾಗ, ಅವಳ ಮೈಯ ಬಿಸಿ ಇನ್ನೂ ಇರಬಹುದು ಅದರಲ್ಲಿ, ಕೈ ಇಟ್ಟು ನೋಡಲೇ, ಕೈ ಏಳುವುದಿಲ್ಲ, ಒಬ್ಬರು ಕೂರುವಷ್ಟು ಜಾಗ, ಒಣ ಜಾಗ, ಅಂಚಿನಿಂದ ನೀರು ಮೆಲ್ಲಗೆ ಅದರೊಳಕ್ಕೆ ಹರಿದು ಬರುತ್ತಿದೆ, ಒಬ್ಬರು ಕೂರುವಷ್ಟು —